ಕೊಂಡವಾಡದ ಎತ್ತು

ನನ್ನ ತವರೂರು ಗೋಕಾಕ ಸೀಮೆಯಲ್ಲಿ, ಘಟಪ್ರಭೆಯ ದಂಡೆಯ ಮೇಲಿದೆ. ನಮ್ಮ ಓಣಿಯ ತುದಿಗೆ ಎದೆಮಟ್ಟದ ಕಲ್ಲುಗೋಡೆಯ ಒಂದು ಆವರಣವಿತ್ತು. ಮೇಲೆ ಚಾವಣಿಯಿಲ್ಲ, ಒಳಗೆ ಒಂದು ಗಿಡದ ನೆರಳಿಲ್ಲ. ಒಂದು ಮೂಲೆಗೆ ಕಲ್ಲಿನ ದೋಣಿ, ಮುಂದೆ ಕಬ್ಬಿಣದ ಗೇಟು, ಗೇಟಿಗೆ ದೊಡ್ಡ ಬೀಗ. ಅದನ್ನು ಎಲ್ಲರೂ ಕೊಂಡವಾಡ ಅನ್ನುತ್ತಿದ್ದರು. ಇದು ಮರಾಠಿಯಿಂದ ಬಂದ ಶಬ್ದ. ಕೂಡಿಹಾಕುವ ಜಾಗ ಎಂದರ್ಥ. ನಾವು ಹುಡುಗರು ಹಟ ಮಾಡಿದರೆ, "ಕೊಂಡವಾಡಕ್ಕ ಹಾಕಿ ಬರ್ತೀನಿ ನೋಡು" ಎಂದು ಅವ್ವ ಹೆದರಿಸುತ್ತಿದ್ದಳು. ಹೆದರುತ್ತಿದ್ದೆವು. ಯಾಕೆಂದರೆ ಒಳಗಿದ್ದ ದನಗಳ ಕಣ್ಣುಗಳನ್ನು ಗೇಟಿನ ಸಂದಿಯಿಂದ ನಾವು ನೋಡಿದ್ದೆವು.

ಈಗ ಆ ಗೋಡೆಯಿಲ್ಲ. ಅಲ್ಲಿ ಸಾಲಾಗಿ ಅಂಗಡಿಗಳು ಎದ್ದಿವೆ. ಹೋದ ಸಲ ತವರಿಗೆ ಹೋದಾಗ ಅದರಲ್ಲೊಂದು ಅಂಗಡಿಯಲ್ಲಿ ಮೊಮ್ಮಗಳಿಗೆ ಬಳೆ ಕೊಂಡೆ. ಅಂಗಡಿಯ ಹುಡುಗನಿಗೆ ಅಲ್ಲೇನಿತ್ತೆಂಬುದು ಗೊತ್ತಿರಲಿಲ್ಲ. ಹೇಳುವ ಮನಸ್ಸೂ ನನಗಾಗಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಆ ಎತ್ತಿನ ನೆನಪು ಬಿಡದೆ ಕಾಡಿತು. ಅದಕ್ಕೇ ಈ ಬರಹ.

ಅದು 1972ರ ಬರ. ರೇಶನ್ನಿನ ಕೆಂಪು ಮಿಲೊ ಜೋಳದ ರೊಟ್ಟಿ ತಿಂದವರಿಗೆ ಆ ವರುಷ ಮರೆಯುವಂಥದ್ದಲ್ಲ. ನಮ್ಮದು ಕಾಲುವೆಯ ಸೀಮೆ. 1897ರ ಸುಮಾರಿಗೆ ಧೂಪದಾಳದ ಒಡ್ಡು ಮುಗಿದ ಮೇಲೆ ಆ ಕಾಲುವೆ ಅನೇಕ ಊರುಗಳ ಹೊಟ್ಟೆ ತುಂಬಿಸಿದೆ. ಆದ್ದರಿಂದ ನಮ್ಮಲ್ಲಿ ಹಸಿರು ಪೂರ್ತಿ ಬತ್ತಿರಲಿಲ್ಲ. ಮಳೆಯನ್ನೇ ನಂಬಿದ ಊರುಗಳವರು ದನ ಹೊಡೆದುಕೊಂಡು ನಮ್ಮ ಕಡೆ ಬರುತ್ತಿದ್ದರು. ಮೇವಿಗೆ ಬೇಡುತ್ತಿದ್ದರು, ಅಗ್ಗಕ್ಕೆ ಮಾರುತ್ತಿದ್ದರು. ಮಾರಲಾಗದ್ದನ್ನು ರಾತ್ರಿ ಕಣ್ಣಿ ಬಿಚ್ಚಿ ಬಿಟ್ಟು, ಹಿಂದಿರುಗಿ ನೋಡದೆ ಹೋಗುತ್ತಿದ್ದರು. ಹಾಗೆ ಬಿಟ್ಟ ದನ ಯಾರದೋ ಕಬ್ಬಿಗೆ ಬಾಯಿ ಹಾಕುತ್ತಿತ್ತು. ಬೆಳಗಾಗುವುದರೊಳಗೆ ಕೊಂಡವಾಡದಲ್ಲಿರುತ್ತಿತ್ತು.

ನಮ್ಮ ಎಮ್ಮೆಯೂ ಒಂದು ದಿನ ಹಗ್ಗ ಹರಿದುಕೊಂಡು ಹೋಗಿ ಅಲ್ಲಿ ಸೇರಿತು. ಅಪ್ಪ ಊರಲ್ಲಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಬೆಣ್ಣೆ ಮಾರಿದ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ನನ್ನ ಕೈ ಹಿಡಿದು ನಡೆದಳು. ದಂಡ ಕಟ್ಟಿದಳು. ಎಮ್ಮೆಯನ್ನು ಹೊರಗೆ ತಂದರು. ಆಯಿ ಮಾತ್ರ ಗೇಟಿನಲ್ಲೇ ನಿಂತುಬಿಟ್ಟಳು. ಒಳಗೆ ಒಂದು ಬಿಳಿ ಎತ್ತು ಮಲಗಿತ್ತು. ಮಲಗಿತ್ತೆನ್ನುವುದಕ್ಕಿಂತ ಬಿದ್ದಿತ್ತೆನ್ನಬೇಕು. ಹೆಗಲ ಮೇಲೆ ನೊಗದ ಹಳೆಯ ಗಾಯ, ಅದರ ತುಂಬ ನೊಣ. ಮುಂಗಾಲೊಂದು ಬಾತಿತ್ತು.

"ಇದು ಯಾರದಪ್ಪಾ?"

"ಯಾರದೂ ಅಲ್ಲ ಆಯಿ. ನಾಳಿ ಲಿಲಾವ ಐತಿ. ಕಸಾಯಿ ಮಂದಿನೂ ಒಲ್ಲೆ ಅಂದಾರ, ಮೈಮ್ಯಾಲ ಏನೂ ಉಳದಿಲ್ಲ ಅಂತ."

ಮರುದಿನ ಲಿಲಾವಿನಲ್ಲಿ ಆಯಿಯೊಬ್ಬಳೇ ಹೆಣ್ಣುಮಗಳು. 14 ರೂಪಾಯಿಗೆ ಎತ್ತು ಅವಳದಾಯಿತು. ಇಬ್ಬರು ಗಂಡಸರು ಸೇರಿ ಎಬ್ಬಿಸಿದರು. ನೂರು ಹೆಜ್ಜೆಯ ದಾರಿಗೆ ಅರ್ಧ ಹೊತ್ತು ಹಿಡಿಯಿತು. ಸಂಜೆ ಅಪ್ಪ ಬಂದವನೇ ದಂದಕ್ಕಿಯಲ್ಲಿ ಆ ಪ್ರಾಣಿಯನ್ನು ಕಂಡು ಬಾಯಿ ತೆರೆದು ನಿಂತ. "ಯವ್ವಾ, ಇದ್ದ ದನಕ್ಕ ಕಣಕಿ ಇಲ್ಲ, ಈ ಮುದಿ ಎತ್ತು ತಗೊಂಡು ಏನ್ ಮಾಡ್ತಿ?" ಆಯಿಯ ಉತ್ತರ ಚಿಕ್ಕದಿತ್ತು: "ನಾನೂ ಮುದುಕಿ ಆಗೇನಿ ತಮ್ಮಾ. ನನಗೇನ್ ಮಾಡ್ತಿ?"

ಆ ಕೊಂಡವಾಡ ಯಾಕೆ ಹುಟ್ಟಿತೆಂಬುದನ್ನು ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಬ್ರಿಟಿಷರು 1871ರಲ್ಲಿ ಜಾನುವಾರು ಅತಿಕ್ರಮಣದ ಕಾಯ್ದೆ ತಂದರು. ಅದಕ್ಕೆ ಮುಂಚೆ 1857ರಲ್ಲೂ ಅಂಥದೊಂದು ಕಾಯ್ದೆಯಿತ್ತು. ಪೈರಿಗೆ ನುಗ್ಗಿದ ದನವನ್ನು ಹಿಡಿದು ಕೂಡಿಹಾಕುವುದು, ಒಡೆಯ ಬಂದು ದಂಡವನ್ನೂ ಮೇವಿನ ಖರ್ಚನ್ನೂ ಕೊಟ್ಟು ಬಿಡಿಸಿಕೊಳ್ಳುವುದು, ಏಳು ದಿನ ಯಾರೂ ಬರದಿದ್ದರೆ ಡಂಗುರ-ನೋಟೀಸು, ಮತ್ತೆ ಏಳು ದಿನ ಕಾದು ಲಿಲಾವು. ದಂಡದ ಪಟ್ಟಿ ಓದಿದಾಗ ನನಗೆ ನಗುವೂ ಬಂತು. ಆನೆಗೆ 2 ರೂಪಾಯಿ, ಒಂಟೆಗೂ ಎಮ್ಮೆಗೂ 8 ಆಣೆ, ಕುದುರೆ-ಎತ್ತು-ಆಕಳಿಗೆ 4 ಆಣೆ, ಕರು-ಕತ್ತೆ-ಹಂದಿಗೆ 2 ಆಣೆ, ಕುರಿ-ಆಡಿಗೆ 1 ಆಣೆ. ಗೋಕಾಕದ ಕೊಂಡವಾಡಕ್ಕೆ ಆನೆಯನ್ನು ಯಾರು ಹೊಡೆದುಕೊಂಡು ಬರುತ್ತಿದ್ದರೋ! ಕಾಯ್ದೆ ಬರೆದವರು ಇಡೀ ದೇಶಕ್ಕೆ ಬರೆದಿದ್ದರು. ಕೂಡಿಹಾಕಿದ ದನಕ್ಕೆ ಮೇವು-ನೀರು ಕೊಡಬೇಕೆಂದೂ ಅದರಲ್ಲಿತ್ತು. ಆದರೆ ಒಟ್ಟು ಕಾಯ್ದೆ ಕಾಪಾಡಿದ್ದು ಪೈರನ್ನು, ದನವನ್ನಲ್ಲ. ಸ್ವಾತಂತ್ರ್ಯದ ನಂತರ 1966ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು; ಗೋಡೆ ಅದೇ ಉಳಿಯಿತು.

ದನವನ್ನು ಕಾಪಾಡುವುದೆಂದರೆ ನಮ್ಮ ಹಿರಿಯರಿಗೆ ಬೇರೆಯೇ ಅರ್ಥವಿತ್ತು. ನಿಮ್ಮೂರ ಹನುಮಂತದೇವರ ಗುಡಿಯ ಹಿಂದೆಯೋ ಕೆರೆಯ ಏರಿಯ ಮೇಲೆಯೋ ಒಂದು ವೀರಗಲ್ಲು ಇದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿ. ಹಲವು ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅದರ ನಡುವೆ ಸಣ್ಣಸಣ್ಣ ಆಕಳುಗಳು. ಮೇಲಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಒಯ್ಯುತ್ತಾರೆ. ತುದಿಗೆ ಶಿವಲಿಂಗ. ಇವು ತುರುಗೊಳ್ ಕಲ್ಲುಗಳು. ಕಳ್ಳರೋ ವೈರಿಗಳೋ ಊರ ದನ ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋಗಿ ದನ ಬಿಡಿಸಿ, ತಾನು ಸತ್ತವನ ನೆನಪಿಗೆ ನಿಲ್ಲಿಸಿದವು. ಕರ್ನಾಟಕದ ತುಂಬ ಇಂಥವು ಎಷ್ಟಿವೆಯೋ. ಮಂಡ್ಯದ ಆತಕೂರಿನಲ್ಲಂತೂ ಕ್ರಿ.ಶ. 949ರ ಸುಮಾರಿಗೆ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೇ ಕಲ್ಲು ನಿಲ್ಲಿಸಿದರು. ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಕಲ್ಲಿನಲ್ಲಿ ಇನ್ನೊಂದು ಮಾತು ಬರುವುದಿಲ್ಲ. ಬಿಡಿಸಿಕೊಂಡು ಬಂದ ಆ ದನಗಳಿಗೆ ಮರುದಿನ ಬೆಳಿಗ್ಗೆ ನೀರು ಸೇದಿ ಹಾಕಿದವರು ಯಾರು? ಶೆಗಣಿ ಬಳಿದವರು ಯಾರು? ಗಾಯಕ್ಕೆ ಅರಿಸಿನ ಮೆತ್ತಿದವರು ಯಾರು? ನಮ್ಮ ಆಯಿ ಆ ಎತ್ತಿಗೆ ಮೊದಲ ವಾರ ಮಾಡಿದ್ದು ಅಷ್ಟೇ ಕೆಲಸ. ಬಿಸಿನೀರಿನಿಂದ ಹೆಗಲು ತೊಳೆದು, ಬೇವಿನೆಲೆ-ಅರಿಸಿನ ಅರೆದು ಹಚ್ಚಿದಳು. ಪಶುವೈದ್ಯರನ್ನು ಕರೆಸಿ ಕಾಲು ತೋರಿಸಿದಳು. ನಮ್ಮ ಪಾಲಿನ ಮಿಲೊ ಜೋಳದಲ್ಲೇ ನುಚ್ಚು ಒಡೆದು ಅಂಬಲಿ ಕಾಯಿಸಿ ಕುಡಿಸಿದಳು. ಅವ್ವ ಗೊಣಗುತ್ತಲೇ ಶೆಗಣಿ ತೆಗೆದಳು. ಹತ್ತನೆಯ ದಿನ ಎತ್ತು ತಾನೇ ಎದ್ದು ಗೋದಲಿಗೆ ಬಾಯಿ ಹಾಕಿತು. ಅಂದು ಅಪ್ಪ ಏನೂ ಅನ್ನದೆ, ಬಣವಿಯಿಂದ ಒಂದು ಸಿವುಡು ಕಣಕಿ ಎಳೆದು ಅದರ ಮುಂದೆ ಒಗೆದ. ಆಯಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಮುದಿ ದನಗಳಿಗೆ ಆಶ್ರಯ ಕೊಡುವ ಸಂಸ್ಥೆ ಎಂಬ ಕಲ್ಪನೆ ನಮ್ಮ ಕಡೆ ಬಂದದ್ದು ಪಾಂಜರಪೋಳದ ಹೆಸರಿನಿಂದ. ಕೊಲ್ಲಾಪುರಕ್ಕೆ ಹೋಗಿಬಂದವರಿಗೆ ಈ ಹೆಸರು ಹೊಸದಲ್ಲ. ಗುಜರಾತದ ಜೈನರು ಮತ್ತು ವ್ಯಾಪಾರಿಗಳು ಶತಮಾನಗಳಿಂದ ನಡೆಸುತ್ತ ಬಂದ ವ್ಯವಸ್ಥೆ ಅದು. 16ನೆಯ ಶತಮಾನದಲ್ಲಿ ಬಂದ ಇಂಗ್ಲಿಷ್ ಪ್ರವಾಸಿ ರಾಲ್ಫ್ ಫಿಚ್, ಖಂಭಾತದಲ್ಲಿ ಪ್ರಾಣಿ-ಪಕ್ಷಿಗಳಿಗೆ ಆಸ್ಪತ್ರೆಗಳಿರುವುದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಮುಂಬಯಿಯ ಪಾಂಜರಪೋಳ ಶುರುವಾದದ್ದು 1834ರಲ್ಲಿ, ಅದೂ ಒಂದು ಗಲಭೆಯ ಬೆನ್ನಿಗೆ. 1832ರಲ್ಲಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರ್ಸಿಗಳು ಸಿಟ್ಟಿಗೆದ್ದು ಬೀದಿಗಿಳಿದರು. ಎರಡು ವರ್ಷದ ಮೇಲೆ ಪಾರ್ಸಿ ದಾನಿ ಸರ್ ಜಮಶೇಟಜಿ ಜೀಜೀಭಾಯಿ ಮತ್ತು ಜೈನ ವರ್ತಕರು ಕೂಡಿ ಆ ಆಶ್ರಯ ಕಟ್ಟಿದರು. ನಾಯಿಗೆಂದು ತೆರೆದ ಬಾಗಿಲಲ್ಲಿ ಮುದಿ ಆಕಳು, ಕುಂಟ ಕುದುರೆ ಎಲ್ಲವೂ ಒಳಬಂದವು.

ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಮಾತು ನಡೆದದ್ದು 1924ರ ಡಿಸೆಂಬರಿನಲ್ಲಿ. ಬೆಳಗಾವಿ ಕಾಂಗ್ರೆಸ್ಸು ಎಲ್ಲರಿಗೂ ಗೊತ್ತು. ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ ಅದು. ಹುದಲಿಯ ಗಂಗಾಧರರಾವ ದೇಶಪಾಂಡೆಯವರ ಹಗಲಿರುಳಿನ ದುಡಿಮೆ. ಉಮಾಬಾಯಿ ಕುಂದಾಪುರ ಅವರು ಹೆಣ್ಣುಮಕ್ಕಳ ಸ್ವಯಂಸೇವಕ ಪಡೆಯನ್ನೇ ಕಟ್ಟಿ ತಂದಿದ್ದರು. ಆದರೆ ಅದೇ ಊರಲ್ಲಿ, ಅದೇ ದಿನಗಳಲ್ಲಿ, 28ನೆಯ ತಾರೀಖಿಗೆ ಗೋರಕ್ಷಣ ಪರಿಷತ್ತು ನಡೆದು ಗಾಂಧೀಜಿ ಅಲ್ಲಿಯೂ ಮಾತನಾಡಿದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿ ನೇಮಿಸಿದ ಸಮಿತಿಯ ಕೆಲಸದಿಂದಲೇ ಮುಂದೆ 1925ರಲ್ಲಿ ಅಖಿಲ ಭಾರತ ಗೋರಕ್ಷಾ ಮಂಡಲ ಹುಟ್ಟಿತು.

ಆಯಿಯ ಅಪ್ಪ ಆ ಕಾಂಗ್ರೆಸ್ಸಿಗೆ ನಡೆದುಕೊಂಡು ಹೋಗಿದ್ದನಂತೆ. ಆಯಿಗೆ ಆಗ ಹನ್ನೆರಡು ವರ್ಷ. ಕರೆದೊಯ್ಯಲಿಲ್ಲ. ಸಾಯುವತನಕ ಅವಳಿಗೆ ಅದರ ಸಿಟ್ಟಿತ್ತು. "ಗಾಂಧಿ ಹೇಳಿದ್ದು ಏನು ಆಯಿ?" ಎಂದು ಕೇಳಿದರೆ, "ನನಗ ಹೆಂಗ ಗೊತ್ತಾಗಬೇಕವಾ, ನನ್ನ ಯಾರು ಕರಕೊಂಡು ಹೋದ್ರು?" ಅನ್ನುತ್ತಿದ್ದಳು. ಅವಳ ಪರವಾಗಿ ನಾನು ಓದಿದೆ. ಗಾಂಧೀಜಿ ಆ ವರ್ಷಗಳಲ್ಲಿ ಮತ್ತೆಮತ್ತೆ ಹೇಳಿದ್ದು, ಗೋವಿನ ಹೆಸರಿನಲ್ಲಿ ಬೇರೆಯವರೊಡನೆ ಜಗಳಾಡುವ ಮುಂಚೆ ನಮ್ಮ ನಮ್ಮ ಕೊಟ್ಟಿಗೆ ನೋಡಿಕೊಳ್ಳಿರೆಂದು. ಎತ್ತಿಗೆ ಅಳತೆ ಮೀರಿ ಭಾರ ಹೇರುವುದು, ಬಾರಕೋಲಿನ ಮೊಳೆಯಿಂದ ಚುಚ್ಚುವುದು, ಕರುವಿಗೆ ಹಾಲು ಬಿಡದೆ ಹಿಂಡುವುದು ಇವೂ ಹಿಂಸೆಯೇ ಎಂದರು. ಪಾಂಜರಪೋಳಗಳು ಬರಿಯ ದಾನದ ಮೇಲೆ ನಡೆದು ದನಗಳನ್ನು ಅರೆಹೊಟ್ಟೆಯಲ್ಲಿ ಇಡುವುದು ಅವರಿಗೆ ಸರಿಬರಲಿಲ್ಲ. ಒಳ್ಳೆಯ ಹೈನುಗಾರಿಕೆ ಜೊತೆಗಿರಬೇಕು, ತಾನಾಗಿ ಸತ್ತ ದನದ ತೊಗಲು ಹದ ಮಾಡುವ ಕೆಲಸವೂ ಇರಬೇಕು, ಆ ದುಡ್ಡಿನಲ್ಲಿ ಮುದಿ ದನ ಸಾಕಬೇಕು ಎಂದು ಲೆಕ್ಕ ಹಾಕಿದರು. ತೊಗಲಿನ ಮಾತು ಮಡಿವಂತರಿಗೆ ಎಷ್ಟು ಕಹಿಯಾಗಿದ್ದೀತೆಂದು ಬೇರೆ ಹೇಳಬೇಕಾಗಿಲ್ಲ.

1927ರ ಮಾರ್ಚಿನಲ್ಲಿ ಕೊಲ್ಲಾಪುರ-ನಿಪ್ಪಾಣಿಯ ಪ್ರವಾಸದಲ್ಲಿದ್ದಾಗ ಅವರ ಆರೋಗ್ಯ ಕೆಟ್ಟಿತು. ವಿಶ್ರಾಂತಿಗೆಂದು ನಂದಿಬೆಟ್ಟ, ಬೆಂಗಳೂರು ಸೇರಿದರು. ಸುಮ್ಮನೆ ಕೂಡುವ ಜೀವವೇ ಅದು? ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ, ವಿಲಿಯಂ ಸ್ಮಿತ್ ಎಂಬ ಅಧಿಕಾರಿಯ ಬಳಿ ದನ ಸಾಕುವುದನ್ನು ವಿದ್ಯಾರ್ಥಿಯಂತೆ ಕಲಿತರು. ಅಲ್ಲಿಯ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ಐವತ್ತೇಳು ವರ್ಷದ ಮನುಷ್ಯ, ರಕ್ತದೊತ್ತಡದವರು, ಕೊಟ್ಟಿಗೆಯಲ್ಲಿ ನಿಂತು ಮೇವಿನ ಲೆಕ್ಕ ಕೇಳುವ ಚಿತ್ರ ನನಗೆ ಬಹಳ ಹಿಡಿಸುತ್ತದೆ.

ಅವರ ನಂತರ ಈ ಕೆಲಸವನ್ನು ಕಾಯ್ದೆಯಾಗಿ ಮಾಡಿಸಿದವಳು ಒಬ್ಬ ಹೆಣ್ಣುಮಗಳು, ನೃತ್ಯಕ್ಕೆ ಹೆಸರಾದ ರುಕ್ಮಿಣಿದೇವಿ ಅರುಂಡೇಲ. 1952ರಲ್ಲಿ ರಾಜ್ಯಸಭೆಗೆ ಬಂದವರೇ ಪ್ರಾಣಿಹಿಂಸೆ ತಡೆಯುವ ಖಾಸಗಿ ಮಸೂದೆ ತಂದರು. 1960ರಲ್ಲಿ ಅದರ ಫಲವಾಗಿ ಕಾಯ್ದೆಯಾಯಿತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಳಿ ಆಗಿ, ಅವರೇ ಮೊದಲ ಅಧ್ಯಕ್ಷೆ. ಸಾಕಿದ ಪ್ರಾಣಿಗೆ ಅನ್ನ-ನೀರು-ನೆರಳು ಕೊಡದಿರುವುದು, ಕಾರಣವಿಲ್ಲದೆ ಅದನ್ನು ಬಿಟ್ಟುಹೋಗುವುದು ಈ ಕಾಯ್ದೆಯಂತೆ ಅಪರಾಧ. ಆದರೆ ಮೊದಲ ತಪ್ಪಿಗೆ ಇಟ್ಟ ದಂಡ 10ರಿಂದ 50 ರೂಪಾಯಿ! 1871ರ 4 ಆಣೆಯ ಹತ್ತಿರದ ಬಳಗವೇ. 1965ರ ನಿಯಮಗಳಂತೆ ಗಾಡಿಯ ಎತ್ತನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು, ದಣಿವಾರಿಸದೆ 5 ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟಿದರೆ ನಡುಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು.

ಈ ನಿಯಮ ಓದುವಾಗ ನಾನು ಮದುವೆಯಾಗಿ ಹುಕ್ಕೇರಿಗೆ ಬಂದ ಹೊಸತು ನೆನಪಾಗುತ್ತದೆ. ಚಳಿಗಾಲದ ನಸುಕಿನಲ್ಲಿ, ಮೂರು ಗಂಟೆಗೆಲ್ಲ, ಕಬ್ಬಿನ ಬಂಡಿಗಳ ಗಂಟೆ ಸಪ್ಪಳ. ಟೈರಿನ ಬಂಡಿಯ ಮೇಲೆ ಟನ್ನುಗಟ್ಟಲೆ ಕಬ್ಬು, ಏರಿನಲ್ಲಿ ಎತ್ತುಗಳು ಮೊಣಕಾಲೂರಿ ಎಳೆಯುತ್ತಿದ್ದವು. ಬಂಡಿಯವನು ಹೊಡೆಯುತ್ತಿದ್ದನೇನೋ ನಿಜ. ಆದರೆ ಅವನ ಹೆಂಡತಿ-ಮಕ್ಕಳೂ ಅದೇ ಕಬ್ಬಿನ ಮೇಲೆ ಕಂಬಳಿ ಹೊದ್ದು ಮಲಗಿರುತ್ತಿದ್ದರು. ಮಹಾರಾಷ್ಟ್ರದಿಂದ, ಬರದ ಊರುಗಳಿಂದ ಬಂದ ಕಟಾವಿನ ಮಂದಿ. ಮುಂಗಡ ಸಾಲ ತೀರುವತನಕ ಅವರಿಗೂ ಎತ್ತಿಗೂ ಒಂದೇ ನೊಗ. ಎತ್ತಿನ ಮೇಲೆ ಕನಿಕರ, ಅವರ ಮೇಲೆ ಸಿಟ್ಟು ಎಂದು ಸುಲಭವಾಗಿ ಹಂಚಲು ನನ್ನ ಕೈಲಾಗಲಿಲ್ಲ.

ನೀರಾವರಿ ಬಂತು, ಕಬ್ಬು ಬಂತು, ಟ್ರ್ಯಾಕ್ಟರ್ ಬಂತು. ಎತ್ತುಗಳು ಹೋದವು. ಕೃಷ್ಣೆಯ ತೀರದ ಎರೆಭೂಮಿಗೆಂದೇ 19ನೆಯ ಶತಮಾನದ ಕೊನೆಗೆ ಸಾಂಗ್ಲಿಯ ಸಂಸ್ಥಾನಿಕರು ಮುಂತಾದವರು ಬೆಳೆಸಿದ ಕೃಷ್ಣಾ ತಳಿಯ ಭಾರೀ ಎತ್ತುಗಳು ಈಗ ಕಾಣುವುದೇ ಅಪರೂಪ. ಮೂಡಲಗಿಯ ದನದ ಸಂತೆ ನಮ್ಮ ಕಡೆ ಹೆಸರಾದದ್ದು. ಅಪ್ಪ ಅಲ್ಲಿ ಎಮ್ಮೆ ಕೊಳ್ಳುವುದನ್ನು ಒಮ್ಮೆ ಹಟ ಮಾಡಿ ಹೋಗಿ ನೋಡಿದ್ದೆ. ದಲಾಲಿ ತನ್ನ ವಸ್ತ್ರದ ಮರೆಯಲ್ಲಿ ಅಪ್ಪನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಬಾಯಿಗೂಡಿದ ಎತ್ತುಗಳು ಒಂದು ಬದಿಗೆ, ಕೊಂಬಿಗೆ ಬಣ್ಣವಿಲ್ಲದೆ, ಯಾರೂ ಬಾಯಿ ಬಿಡಿಸಿ ನೋಡದೆ ನಿಂತಿದ್ದವು. ಆ ಇಡೀ ಬಯಲಿನಲ್ಲಿ ಹೆಣ್ಣುಮಕ್ಕಳು ಎಣಿಸುವಷ್ಟೂ ಇರಲಿಲ್ಲ. ಸಾಕುವವರು ನಾವು, ಮಾರುವವರು ಅವರು. ಇದನ್ನು ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ಸ್ವಲ್ಪ ಸಿಟ್ಟಿದ್ದರೂ ಇರಲಿ.

ಈಚೆಗೆ ಕಾಯ್ದೆಗಳು ಬದಲಾಗಿವೆ. 1964ರ ಗೋಹತ್ಯಾ ಪ್ರತಿಬಂಧಕ ಕಾಯ್ದೆಯ ಜಾಗದಲ್ಲಿ 2020ರ ಕಾಯ್ದೆ 2021ರಲ್ಲಿ ಜಾರಿಗೆ ಬಂತು. 13 ವರ್ಷ ದಾಟಿದ ಎಮ್ಮೆ-ಕೋಣ ಹೊರತು ಉಳಿದ ದನಗಳ ವಧೆ ನಿಂತಿತು. ಜಿಲ್ಲೆಗೊಂದು ಗೋಶಾಲೆಯ ಮಾತು ಬಂತು. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಬಂತು. ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ದನದ ಖರ್ಚು ನೀವು ಹೊತ್ತಂತೆ. ದಿನಕ್ಕೆ 30 ರೂಪಾಯಿ ಚಿಲ್ಲರೆ. ದನ ಕಟ್ಟಿದವರನ್ನು ಕೇಳಿ, ಅಷ್ಟರಲ್ಲಿ ಕಣಕಿ ಎಷ್ಟು ಬರುತ್ತದೆಂದು ಹೇಳುತ್ತಾರೆ. ಕಾಯ್ದೆಯ ಪರ-ವಿರೋಧದ ವಾದ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನನ್ನ ಚಿಂತೆ ಅದಕ್ಕಿಂತ ಸಣ್ಣದು. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಗಂಡುಕರು ಹುಟ್ಟಿದರೆ ಮುಖ ಸಣ್ಣದಾಗುತ್ತದೆ. ಉಳುವ ಕೆಲಸವಿಲ್ಲ, ಕೊಳ್ಳುವವರಿಲ್ಲ. ಕೋಣಗರುವಿಗೆ ಹಾಲು ಬಿಡದೆ ಹಾಗೇ ಸೊರಗಲು ಬಿಡುವುದು, ಜರ್ಸಿ ಗಂಡುಕರುವನ್ನು ರಾತ್ರಿ ಗುಡಿಯ ಮುಂದೆ ಬಿಟ್ಟು ಬರುವುದು ನಮ್ಮ ನಿಮ್ಮ ಕಣ್ಣೆದುರೇ ನಡೆದಿದೆ. ಗೋವಿನ ಹಾಡು ಕೇಳಿ ನಾವೆಲ್ಲ ಅತ್ತಿದ್ದೇವೆ. ಆದರೆ ಪುಣ್ಯಕೋಟಿಗೆ ಹಲ್ಲು ಬಿದ್ದ ಮೇಲೆ ಆ ಕೊಟ್ಟಿಗೆಯಲ್ಲಿ ಏನಾಯಿತೆಂದು ಯಾವ ಹುಡುಗಿಯೂ ಕೇಳಿದ್ದಿಲ್ಲ, ನಾನೂ ಕೇಳಲಿಲ್ಲ.

ಆಯಿಯ ಎತ್ತು ನಮ್ಮಲ್ಲಿ ಆರು ವರ್ಷ ಬದುಕಿತು. ಹೊಲಕ್ಕೆ ಒಂದು ದಿನವೂ ಹೋಗಲಿಲ್ಲ. ಕಾರಹುಣ್ಣಿಮೆಗೆ ಅದರ ಕೊಂಬಿಗೂ ಬಣ್ಣ, ಕೊರಳಿಗೂ ಗಂಟೆ. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಮಣ್ಣಿನೆತ್ತು ಮಾಡುವಾಗ, ಒಂದಕ್ಕೆ ಬೇಕೆಂದೇ ಮುಂಗಾಲು ಸೊಟ್ಟ ಮಾಡುತ್ತಿದ್ದೆ. ಅದು ಸತ್ತಾಗ ಅಪ್ಪನೇ ಹೊಲದ ಬದುವಿನಲ್ಲಿ ತಗ್ಗು ತೋಡಿಸಿ, ಉಪ್ಪು ಸುರಿದು ಮಣ್ಣು ಮಾಡಿದ. ಆಯಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ 2019ರ ಆಗಸ್ಟ್. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಲ್ಲಿ ನೀರು ನಿಂತದ್ದನ್ನು ನೀವು ಟೀವಿಯಲ್ಲಿ ನೋಡಿರಬೇಕು. ತವರಿನ ನಮ್ಮ ಮನೆಗೂ ರಾತ್ರಿ ನೀರು ನುಗ್ಗಿತು. ತಮ್ಮ ಹಾಸಿಗೆ ಹಿಡಿದಿದ್ದ. ಅವನ ಹೆಂಡತಿ ಮೊದಲು ಅವನನ್ನೂ ಮಕ್ಕಳನ್ನೂ ಮೇಲಿನ ಶಾಲೆಗೆ ಕಳಿಸಿ, ಆಮೇಲೆ ಸೊಂಟದ ಮಟ್ಟದ ನೀರಲ್ಲಿ ತಿರುಗಿ ದಂದಕ್ಕಿಗೆ ಹೋಗಿ ಕುಡಗೋಲಿನಿಂದ ದಾವಣಿಯ ಕಣ್ಣಿಗಳನ್ನು ಕೊಯ್ದಳು. ಪಕ್ಕದ ಮನೆಯವರು ಆಗಲೇ ಹೋಗಿದ್ದರು. ಅವರ ದನಗಳ ಹಗ್ಗವನ್ನೂ ಕೊಯ್ದಳು. ನೆರೆಯಲ್ಲಿ ಎಷ್ಟೋ ದನ ಸತ್ತದ್ದು ಈಜಲು ಬರದೆ ಅಲ್ಲ, ಕಟ್ಟಿದ್ದರಿಂದ.

ಶಾಲೆಯ ಅಂಗಳದಲ್ಲಿ ಮಂದಿಯ ಜೊತೆಗೆ ದನಗಳೂ ನಿಂತಿದ್ದವು. ಬೇರೆ ಬೇರೆ ಊರಿನವರು ಟ್ರ್ಯಾಕ್ಟರಿನಲ್ಲಿ ಮೇವು ತಂದು ಹಾಕಿ, ಹೆಸರು ಹೇಳದೆ ಹೋದರು. ನೀರು ಇಳಿದ ಮೇಲೆ ಎಲ್ಲರೂ ತಂತಮ್ಮ ದನ ಗುರುತು ಹಿಡಿದು ಹೊಡೆದುಕೊಂಡು ಹೋದರು. ಒಂದು ಕಪ್ಪು ಮಣಕ ಉಳಿಯಿತು. ಕೊರಳಲ್ಲಿ ತುಂಡಾದ ಹಗ್ಗ, ತೊಡೆಗೆ ತಗಡು ಕೊಯ್ದ ಗಾಯ. ಎರಡು ವಾರ ಕಾದರು. ಮಸೀದಿಯಲ್ಲಿ, ಗುಡಿಯಲ್ಲಿ ಮೈಕಿನಿಂದ ಹೇಳಿಸಿದರು. ಯಾರೂ ಬರಲಿಲ್ಲ.

ಹೋದ ಸಲ ನಾನು ಹೋದಾಗ ಆ ಎಮ್ಮೆ ಮೂರನೆಯ ಸಲ ಈದು, ಕೋಣಗರುವಿಗೆ ಹಾಲು ಕುಡಿಸುತ್ತ ನಿಂತಿತ್ತು. "ಒಡೆಯರು ಬಂದ್ರ ಏನ್ ಮಾಡ್ತಿ?" ಎಂದು ನಾನು ನಗುತ್ತ ಕೇಳಿದೆ. ಅವಳು ಗೋದಲಿಗೆ ಹಿಂಡಿ ಸುರಿಯುತ್ತಿದ್ದಳು. ಕೈ ನಿಲ್ಲಿಸದೆ ಅಂದಳು:

"ಕೊಡ್ತೀನಿ ಅಕ್ಕಾರ. ಆದ್ರ ಕರುನೂ ಕೂಡೇ ಒಯ್ಯಬೇಕು, ಅದನ್ನ ಬಿಟ್ಟು ಹೋಗಾಕ ಬಿಡಾಂಗಿಲ್ಲ."